ಸೂಜಿಮೊನೆಯಷ್ಟು ತೂತು

ಲಕ್ಷ್ಮೇಶ್ವರ,
ರವಿವಾರ, 11 ಮಾರ್ಚ್ 1979

ಪ್ರೀತಿಯ ತಮ್ಮ ಉಸ್ಮಾನನಿಗೆ, ನಿನ್ನ ಅಣ್ಣ ಖಾಸಿಂಸಾಬನ ಸಲಾಮು.

ಆರೋಗ್ಯ ಹೇಗಿದೆ? ಥಂಡಿ ದಿನಗಳಲ್ಲಿ ನಿನ್ನನ್ನು ಹಿಡಿದು ಕಾಡುವ ಒಣಕೆಮ್ಮು ಈ ವರ್ಷವೂ ಬಂದಿತ್ತೇ? ಧಾರವಾಡದಲ್ಲಿ ನಮ್ಮೂರಿಗಿಂತ ಚಳಿ ಹೆಚ್ಚು, ಜೈಲಿನ ಕಲ್ಲುಗೋಡೆಯ ಒಳಗೆ ಇನ್ನೂ ಹೆಚ್ಚಿರಬೇಕು. ಹೋದ ತಿಂಗಳು ಅಲ್ಲಿಂದ ಬಿಡುಗಡೆಯಾಗಿ ಬಂದ ಶಿಗ್ಲಿಯ ಒಬ್ಬ ಮನುಷ್ಯ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕಿದ್ದ. ನಿನ್ನನ್ನು ಜಮಖಾನೆ ನೇಯುವ ಮಗ್ಗಕ್ಕೆ ಹಾಕಿದ್ದಾರೆ, ಕೈ ಚೆನ್ನಾಗಿ ಕೂತಿದೆ, ಆದರೆ ಊಟ ಕಡಿಮೆ, ಯಾರೊಂದಿಗೂ ಮಾತಿಲ್ಲ ಎಂದ. ಊಟ ಬಿಡಬೇಡ ತಮ್ಮಾ. ನನ್ನ ಮೇಲಿನ ಸಿಟ್ಟನ್ನು ಅನ್ನದ ಮೇಲೆ ತೀರಿಸಿಕೊಳ್ಳಬೇಡ.

ಇದಕ್ಕೂ ಮೊದಲು ಬರೆದ ಎರಡು ಪತ್ರಗಳು ನಿನ್ನ ಕೈಗೆ ಮುಟ್ಟಿಯೂ ವಾಪಸು ಬಂದವು. ಮೇಲೆ ನಿನ್ನ ಅಕ್ಷರದಲ್ಲಿ 'ಬೇಡ' ಎಂದು ಬರೆದಿತ್ತು. ಇದನ್ನೂ ಹಾಗೆಯೇ ಮಡಚಿ ಕಳಿಸೀಯೆಂಬ ಅಂಜಿಕೆಯಿಂದ ಮುಖ್ಯ ಮಾತನ್ನು ಮೊದಲೇ ಬರೆದುಬಿಡುತ್ತೇನೆ. ನೀನು ಹೇಳಿದ್ದು ಖರೆ. ಅವತ್ತು ಎಂಜಿನ್ ತಾನಾಗಿಯೇ ಬಂದ್ ಬಿದ್ದಿತ್ತು. ನೀನು ಬಂದ್ ಮಾಡಿರಲಿಲ್ಲ. ಯಾಕೆ ಬಂದ್ ಬಿತ್ತು ಎಂಬುದು ನನಗೆ ಈಗ ಗೊತ್ತಾಗಿದೆ. ಇದಿಷ್ಟನ್ನು ಓದಿ ಉಳಿದದ್ದನ್ನು ಓದಬೇಕೋ ಬಿಡಬೇಕೋ ನೀನೇ ನಿರ್ಧಾರ ಮಾಡು.

ಅಮ್ಮ ಆರಾಮ ಇದ್ದಾಳೆ. ಎಡಗಣ್ಣಿನ ಪರೆ ಬಲಿತಿದೆ, ಆದರೂ ಜೋಳದ ಹಿಟ್ಟಿನಲ್ಲಿ ಕೂದಲೆಳೆ ಬಿದ್ದರೆ ನಮಗಿಂತ ಮೊದಲು ಅವಳಿಗೇ ಕಾಣುತ್ತದೆ. ನಿನ್ನ ಮಗಳು ಶಮಶಾದ ಎರಡನೇ ಇಯತ್ತೆಗೆ ಬಂದಿದ್ದಾಳೆ. ಮುಂದಿನ ಎರಡು ಹಲ್ಲು ಬಿದ್ದು, ಯಾರಾದರೂ ಹೆಸರು ಕೇಳಿದರೆ 'ಫಮಫಾದ' ಎನ್ನುತ್ತಾಳೆ, ನಕ್ಕರೆ ಹೊಡೆಯಲು ಬರುತ್ತಾಳೆ. ಅವಳ ತಮ್ಮ ನಿನ್ನ ಹಾಗೆಯೇ ಎಡಗೈಯವನು. ನಿನ್ನ ಭಾಬಿ ಅಮೀನಬಿ ಅವನ ಕೈಗೆ ಒಂದೆರಡು ಸಲ ಹೊಡೆದು ನೋಡಿದಳು, ಅಮ್ಮ ಬೈದು ಬಿಡಿಸಿದಳು. ಮಕ್ಕಳ ತಾಯಿ ಗುಲಾಬಬಿಯ ಬಗ್ಗೆ ಆಮೇಲೆ ಬರೆಯುತ್ತೇನೆ.

ಇನ್ನು ಮುಂದೆ ನಿನಗೆ ಗೊತ್ತಿರುವ ಸಂಗತಿಗಳೂ ಬರುತ್ತವೆ. ಬೇಸರ ಮಾಡಿಕೊಳ್ಳಬೇಡ. ಈ ಪತ್ರವನ್ನು ನಿನಗಿಂತ ಮೊದಲು ಜೈಲಿನ ಸಾಹೇಬರು ಓದುತ್ತಾರೆ. ಓದಲಿ, ಅವರಿಗೂ ಗೊತ್ತಾಗಲಿ. ಇದರ ನಕಲು ಗದಗಿನ ವಕೀಲರಿಗೂ ಹೋಗುತ್ತದೆ. ಆದ್ದರಿಂದ ಏನನ್ನೂ ಬಿಡದೆ ಬರೆಯಬೇಕಾಗಿದೆ.

ಸೊರಟೂರಿನ ಮಾರ್ತಾಂಡ ಮಾಸ್ತರರು ನಮ್ಮಿಬ್ಬರಿಗೂ ಅಕ್ಷರ ಕಲಿಸಿದವರು. ಪೆನ್ಶನ್ ಆದ ಮೇಲೆ ಹಳೆಯ ಟ್ರ್ಯಾಕ್ಟರ್ ಕೊಂಡು, ಬೇರೆ ಯಾರನ್ನೂ ನಂಬದೆ ನಿನ್ನನ್ನೇ ಡ್ರೈವರ್ ಮಾಡಿಕೊಂಡರು. ರಿಪೇರಿ ಬಂದರೆ ನನ್ನ ವರ್ಕ್‌ಶಾಪು. ಎಪ್ಪತ್ತಾರರ ಶ್ರಾವಣದಲ್ಲಿ ಎಂಟು ದಿನ ಜಡಿಮಳೆ ಹಿಡಿಯಿತಲ್ಲ, ಆಗ ಮಾಸ್ತರರು ಛತ್ರಿ ಹಿಡಿದುಕೊಂಡು ಬಂದು, 'ಖಾಸಿಂ, ಡೀಸೆಲ್‌ನ್ಯಾಗ ನೀರು ಹೋಗ್ತದಪಾ, ಮುಚ್ಚಳಾ ಸಡ್ಲ ಆಗೇದ' ಎಂದರು. ಮುಚ್ಚಳದ ಒಳಗಿನ ವಾಷರು ಸವೆದು ಹೋಗಿತ್ತು. ಹೊಸದು ಹುಬ್ಬಳ್ಳಿಯಿಂದ ತರಿಸಬೇಕು. ಅಷ್ಟು ದಿನ ಯಾಕೆ ಕಾಯುವುದು ಎಂದು ಲಾರಿಯ ಹಳೆಯ ಟ್ಯೂಬು ಕತ್ತರಿಸಿ, ಮುಚ್ಚಳದ ಅಡಿಗೆ ಪೂರ್ತಿ ಕೂಡುವಂಥ ದುಂಡನೆಯ ತುಂಡು ಮಾಡಿ, ಅಂಟು ಹಚ್ಚಿ ಕೂಡಿಸಿಕೊಟ್ಟೆ. 'ಇನ್ನ ಒಂದ್ ಹನಿ ನೀರು ಒಳಗ ಹೋಗಂಗಿಲ್ರಿ ಮಾಸ್ತರ' ಎಂದೆ. ಹೇಳಿದ್ದು ಸುಳ್ಳಾಗಲಿಲ್ಲ. ನೀರು ಹೋಗಲಿಲ್ಲ.

ಮಳೆಗಾಲದಲ್ಲಿ ಟ್ರ್ಯಾಕ್ಟರಿಗೆ ಕೆಲಸವಿರಲಿಲ್ಲ. ಅಕ್ಟೋಬರದಲ್ಲಿ ಹೊಲ ಆರಿದ ಮೇಲೆ ಹೊರತೆಗೆದೆ ನೀನು, ಆಗಲೇ ಅದಕ್ಕೆ ಆ ರೋಗ ಶುರುವಾಯಿತು. 'ಭಾಯಿ, ಚಲೋ ನಡೀತಿರತೈತಿ, ಹೇಳದ ಕೇಳದ ಬಂದ್ ಬೀಳತೈತಿ. ಸ್ವಲ್ಪ ಹೊತ್ತು ಬಿಟ್ರ ಮತ್ತ ಚಾಲೂ ಆಕ್ಕೈತಿ' ಎಂದು ತಂದು ನಿಲ್ಲಿಸಿದೆ. ಮೂರು ದಿನ ನಾನು ನೋಡಿದೆ. ಫಿಲ್ಟರ್ ತೊಳೆದೆ, ಪೈಪಿನೊಳಗಿನ ಗಾಳಿ ತೆಗೆದೆ, ನಾಜಲ್ ಬಿಚ್ಚಿ ನೋಡಿದೆ, ಪಂಪು ನೋಡಿದೆ. ವರ್ಕ್‌ಶಾಪಿನಲ್ಲಿ ಒಂದು ಸಲವೂ ಬಂದ್ ಬೀಳಲಿಲ್ಲ. ಕೊನೆಗೆ ಸಿಟ್ಟು ಬಂದು, ಇಬ್ಬರು ಗಿರಾಕಿಗಳ ಮುಂದೆ ನಿನಗೆ ಒಂದು ಮಾತು ಅಂದೆ. 'ರೋಗ ಎಂಜಿನ್‌ಗೆ ಇಲ್ಲ, ನಿನ್ನ ಕೈಗೆ ಐತಿ' ಎಂದೆ. 'ಒಂದ್ ಸಲ ನನ್ನ ಸಂಗಾಟ ಕುಂತು ಸೊರಟೂರತನಕ ಬಾ ಭಾಯಿ, ನಿನ್ನ ಕಣ್ಣಿಲೆ ನೋಡು' ಎಂದು ನೀನು ಕೇಳಿದೆ. ನನಗೆ ಪುರುಸೊತ್ತಿಲ್ಲ ಎಂದೆ. ಪುರುಸೊತ್ತು ಇತ್ತು ಉಸ್ಮಾನ. ಆ ಸಂಜೆ ನಾನು ಚಹಾದ ಅಂಗಡಿಯಲ್ಲಿ ಕೂತು ಮಾತಾಡುತ್ತ ಹೊತ್ತು ಕಳೆದೆ.

ಮೂರು ವಾರದ ಮೇಲೆ ಆ ದಿನ ಬಂತು. ಶಿರಹಟ್ಟಿಯ ಹತ್ತಿರ ಮಾಸ್ತರರ ಹೊಲದಲ್ಲಿ ಶೇಂಗಾ ಕಿತ್ತು, ಚೀಲಗಳನ್ನು ಟ್ರೇಲರಿಗೆ ಹೇರಿ, ಮೇಲೆ ಸೊರಟೂರಿನ ಹೆಣ್ಣಾಳುಗಳನ್ನು ಕೂರಿಸಿಕೊಂಡು ನೀನು ಹೊರಟಿದ್ದೆ. ಮಧ್ಯಾಹ್ನವಷ್ಟೇ ಟ್ಯಾಂಕು ತುಂಬಿಸಿದ್ದೆ. ಹಳ್ಳಕ್ಕೆ ಇಳಿದು ಆಚೆಯ ಏರು ಹತ್ತುವಾಗ, ಅರ್ಧ ಏರಿನಲ್ಲಿ ಎಂಜಿನ್ ನಿಂತಿತು. ಬ್ರೇಕು ಅಷ್ಟು ಭಾರ ತಡೆಯಲಿಲ್ಲ. ಹಿಂದಕ್ಕೆ ಉರುಳಿ ಟ್ರೇಲರ್ ಓರೆಯಾಗಿ ತಗ್ಗಿಗೆ ಬಿತ್ತು. ಎಲ್ಲರೂ ಜಿಗಿದರು, ಚೀಲಗಳ ಹಿಂದೆ ಕೂತಿದ್ದ ಮಂಜವ್ವ ಜಿಗಿಯಲಾಗದೆ ಅಡಿಗೆ ಸಿಕ್ಕಳು. ನೀನು ಒಬ್ಬನೇ ಚೀಲಗಳನ್ನು ಎಳೆದು ಹಾಕಿದ್ದು, ನಿನ್ನ ಉಗುರು ಕಿತ್ತು ಹೋಗಿದ್ದು, ಅವಳು ನೀರು ಕೇಳಿದ್ದು, ನೀರು ತರುವುದರೊಳಗೆ ಮುಗಿದದ್ದು, ಇದನ್ನೆಲ್ಲ ಕೋರ್ಟಿನಲ್ಲಿ ಆ ಹೆಣ್ಣುಮಕ್ಕಳೇ ಹೇಳಿದರು. ಆದರೆ ಅವರ್ಯಾರಿಗೂ ಎಂಜಿನ್ ಯಾವಾಗ ನಿಂತಿತು, ಯಾಕೆ ನಿಂತಿತು ಎಂಬುದು ಗೊತ್ತಿರಲಿಲ್ಲ.

ಮರುದಿನ ತಪಾಸಣೆಗೆ ಬಂದ ಮೋಟಾರು ಇನ್ಸ್‌ಪೆಕ್ಟರು ಮೊದಲು ಟ್ಯಾಂಕಿನ ಮುಚ್ಚಳ ತೆಗೆದು ಡೀಸೆಲ್ ಇದೆಯೇ ಎಂದು ನೋಡಿದರು. ಇತ್ತು. ಚಾಲೂ ಮಾಡಿದರೆ ಒಂದೇ ಏಟಿಗೆ ಚಾಲೂ ಆಯಿತು. ಅವರು ಕಂಡದ್ದನ್ನು ಕಂಡಂತೆ ಬರೆದರು, ಅವರದೇನೂ ತಪ್ಪಿಲ್ಲ. ಡೀಸೆಲ್ ಉಳಿಸಲು ಇಳಿಜಾರಿನಲ್ಲಿ ಎಂಜಿನ್ ಬಂದ್ ಮಾಡಿಕೊಂಡು ಇಳಿದಿದ್ದಾನೆ, ಏರಿನಲ್ಲಿ ಗೇರು ಹಿಡಿಯಲಿಲ್ಲ ಎಂದು ಸರ್ಕಾರಿ ವಕೀಲರು ವಾದಿಸಿದರು. ನನ್ನನ್ನು ಕಟಕಟೆಗೆ ಕರೆದು, ಎಂಜಿನ್ನಿನಲ್ಲಿ ದೋಷವಿತ್ತೇ ಎಂದು ಕೇಳಿದರು. ಮೂರು ದಿನ ನೋಡಿದ್ದೆ, ದೋಷವಿರಲಿಲ್ಲ ಎಂದೆ. ಇಳಿಜಾರಿನಲ್ಲಿ ಬಂದ್ ಮಾಡುವ ಚಾಳಿ ನಿನಗಿತ್ತೇ ಎಂದರು. ಹಿಂದೆ ಎರಡು ಸಲ ಮಾಸ್ತರರು ಬೈದದ್ದು ನನಗೆ ಗೊತ್ತಿತ್ತು. ಇತ್ತು ಎಂದೆ. ದೇವರ ಆಣೆ ಮಾಡಿದ ಮೇಲೆ ತಮ್ಮನೆಂದು ಸುಳ್ಳು ಹೇಳಬಾರದು ಎಂಬುದು ನನ್ನ ಮನಸ್ಸಿನಲ್ಲಿತ್ತು. ಕಟಕಟೆಯಿಂದ ಇಳಿಯುವಾಗ, ದೊಡ್ಡ ಮನುಷ್ಯನಾದೆ ಎಂಬ ಒಂದು ಹೆಮ್ಮೆಯೂ ಇತ್ತು. ಅದನ್ನೂ ಬರೆದೇ ಬಿಡುತ್ತೇನೆ. ಕೇಸು ನಡೆದು ನಡೆದು, ಹೋದ ಯುಗಾದಿಯ ಹೊತ್ತಿಗೆ ಒಂದೂವರೆ ವರ್ಷ ಶಿಕ್ಷೆ ಎಂದು ತೀರ್ಪು ಓದಿದಾಗ ನೀನು ನನ್ನ ಕಡೆ ನೋಡಿದೆ. ಅವತ್ತು ಸಿಟ್ಟಿನಿಂದ ನೋಡಿದ್ದರೆ ನಾನು ಇಷ್ಟು ದಿನ ನಿದ್ದೆ ಮಾಡುತ್ತಿದ್ದೆ.

ಮನೆಯಲ್ಲಿ ಅಮ್ಮ ಒಬ್ಬಳೇ ನಂಬಲಿಲ್ಲ. 'ನನ್ನ ಸಣ್ಣ ಮಗ ಸುಳ್ಳ ಹೇಳಿದ್ರ ಸಣ್ಣ ಸುಳ್ಳ ಹೇಳತಾನ. ಹೆಣದ ಮ್ಯಾಲ ಸುಳ್ಳ ಹೇಳಾವಲ್ಲ' ಎಂದಳು. ತಾಯಿಯ ಕರುಳು ಎಂದು ನಾನು ಸುಮ್ಮನಾದೆ.

ಆಮೇಲೆ ಮಾಸ್ತರರು ಆ ಟ್ರ್ಯಾಕ್ಟರನ್ನು ಮುಟ್ಟಲಿಲ್ಲ. ಕೇಸು ಮುಗಿಯುವವರೆಗೂ ತಾಡಪತ್ರಿ ಹೊದಿಸಿ ಕೊಟ್ಟಿಗೆಯಲ್ಲಿಟ್ಟಿದ್ದು, ಮುಗಿದ ಮೇಲೆ ಮಾರಿಬಿಟ್ಟರು. ಯಾರಿಗೆ ಎಂದು ನಾನು ಕೇಳಲೂ ಇಲ್ಲ.

ಈಗ ಹದಿನೈದು ದಿನದ ಕೆಳಗೆ ಕೊರ್ಲಹಳ್ಳಿಯ ದೇವೇಂದ್ರಪ್ಪ ಎಂಬ ರೈತ ವರ್ಕ್‌ಶಾಪಿಗೆ ಬಂದ. ಹೊಳೆದಂಡೆಯ ಹೊಲ, ಮಾಗಿ ಉಳುಮೆ ಅರ್ಧಕ್ಕೆ ನಿಂತಿದೆ, ಮುಂಡರಗಿಯ ಇಬ್ಬರು ಮೇಸ್ತ್ರಿಗಳು ಕೈಚೆಲ್ಲಿದ್ದಾರೆ ಎಂದ. ಏನಾಗುತ್ತದೆ ಎಂದು ಕೇಳಿದೆ. 'ಅರ್ಧಾ ತಾಸು ಬರಾಬ್ಬರಿ ನಡೀತೈತ್ರಿ. ಆಮ್ಯಾಲ ಉಸರು ಕಟ್ಟಿದವರಂಗ ಗುದ್ದಾಡಿ ಬಂದ್ ಬೀಳತೈತಿ. ಸ್ವಲ್ಪ ಹೊತ್ತು ಬಿಟ್ರ ಮತ್ತ ಚಾಲೂ' ಎಂದ. ನಟ್ಟು ಬಿಚ್ಚುತ್ತಿದ್ದ ನನ್ನ ಪಾನಾ ಅಲ್ಲಿಯೇ ನಿಂತಿತು. ಅದೇ ಮಾತು. ಯಾವ ಟ್ರ್ಯಾಕ್ಟರ್ ಎಂದು ಕೇಳುವ ಧೈರ್ಯವಾಗಲಿಲ್ಲ. ಚೀಲದಲ್ಲಿ ಸಾಮಾನು ಹಾಕಿಕೊಂಡು ಅವನ ಜೊತೆಗೇ ಮುಂಡರಗಿಯ ಬಸ್ಸು ಹತ್ತಿದೆ. ನೀನು ಕೇಳಿದ್ದು ಸೊರಟೂರಿನವರೆಗೆ. ಗುರುತು ಪರಿಚಯ ಇಲ್ಲದವನು ಕೇಳಿದನೆಂದು ನಾನು ಹೊಳೆಯವರೆಗೆ ಹೋದೆ.

ಬೇವಿನ ಗಿಡದ ಅಡಿಗೆ ಅದು ನಿಂತಿತ್ತು. ಸೊಟ್ಟಗಾಗಿದ್ದ ಮಡ್‌ಗಾರ್ಡನ್ನು ಬಡಿದು ನೆಟ್ಟಗೆ ಮಾಡಿದವನು ನಾನೇ, ದೂರದಿಂದಲೇ ಗುರುತು ಹಿಡಿದೆ. ವಾಪಸು ಬಸ್ಸು ಹತ್ತಿಬಿಡೋಣ ಎನಿಸಿತು. ದೇವೇಂದ್ರಪ್ಪ, 'ಚಹಾ ಕುಡೀರಿ ಸಾಬರ' ಎಂದ. ಕುಡಿದು ಕೆಲಸಕ್ಕೆ ಕೂತೆ.

ಮೊದಲ ಎರಡು ದಿನ ಹಿಂದೆ ಮಾಡಿದ್ದನ್ನೇ ಮತ್ತೆ ಮಾಡಿದೆ. ಫಿಲ್ಟರ್, ಪೈಪು, ನಾಜಲ್, ಪಂಪು. ಟ್ಯಾಂಕು ಇಳಿಸಿ ಕಸವಿದೆಯೋ ಎಂದು ತೊಳೆದೂ ನೋಡಿದೆ. ಗಿಡದ ಅಡಿಗೆ ಒಂದು ತಾಸು ಓಡಿಸಿದರೂ ನಿಲ್ಲಲಿಲ್ಲ. ಅವತ್ತಿನ ಹಾಗೆಯೇ ನನ್ನ ಬಾಯಿಗೆ ಆ ಮಾತು ಬಂತು ಉಸ್ಮಾನ. ರೋಗ ನಿನ್ನ ಕೈಗೆ ಐತಿ ಎಂದು ದೇವೇಂದ್ರಪ್ಪನಿಗೂ ಅನ್ನುವವನಿದ್ದೆ. ಹಲ್ಲು ಕಚ್ಚಿ ನುಂಗಿದೆ. 'ನಾಳೆ ನೀ ಹೊಲಾ ಹೊಡಿ, ನಾ ಮಡ್‌ಗಾರ್ಡ್ ಮ್ಯಾಲ ಕುಂಡ್ರತೇನಿ' ಎಂದೆ.

ಮೂರನೆಯ ದಿನ ಬೆಳಿಗ್ಗೆ ಟ್ಯಾಂಕು ತುಂಬಿಸಿ ಹೊಲಕ್ಕೆ ಇಳಿದೆವು. ನಾನು ಏನನ್ನೂ ಮುಟ್ಟುವುದಿಲ್ಲ, ಬರೀ ನೋಡುತ್ತೇನೆ ಎಂದು ನಿರ್ಧಾರ ಮಾಡಿಕೊಂಡಿದ್ದೆ. ಎರೆಭೂಮಿ, ನೇಗಿಲು ಆಳಕ್ಕೆ ಹೋಗಿತ್ತು, ಎಂಜಿನ್ನಿಗೆ ಭಾರವಿತ್ತು. ಇಪ್ಪತ್ತು ನಿಮಿಷವೂ ಆಗಿರಲಿಲ್ಲ. ಸದ್ದು ತೆಳ್ಳಗಾಯಿತು, ಎರಡು ಸಲ ಜಗ್ಗಿತು, ನಿಂತಿತು. ದೇವೇಂದ್ರಪ್ಪ ರೂಢಿಯಂತೆ ಇಳಿದು ಡೀಸೆಲ್ ನೋಡಲು ಮುಚ್ಚಳ ತಿರುವಿದ. ಎಂಜಿನ್ ನಿಂತು ಹೊಲವೆಲ್ಲ ನಿಶ್ಶಬ್ದವಾಗಿದ್ದರಿಂದ ಆ ಸಪ್ಪಳ ನನಗೆ ಕೇಳಿಸಿತು. ನೀರಿನಲ್ಲಿ ಮುಳುಗಿದವನು ಮೇಲೆ ಬಂದು ಉಸಿರೆಳೆದುಕೊಂಡ ಹಾಗೆ ಟ್ಯಾಂಕು ಗಾಳಿ ಎಳೆದುಕೊಂಡಿತು. ಆಮೇಲೆ ಚಾಲೂ ಮಾಡಿದರೆ ಏನೂ ಆಗದವರ ಹಾಗೆ ಓಡತೊಡಗಿತು.

ಮತ್ತೆ ಗಟ್ಟಿಯಾಗಿ ಮುಚ್ಚಿಸಿದೆ. ಮತ್ತೆ ಇಪ್ಪತ್ತು ನಿಮಿಷಕ್ಕೆ ನಿಂತಿತು. ತೆಗೆದರೆ ಮತ್ತೆ ಅದೇ ಸಪ್ಪಳ. ಮೂರನೆಯ ಸಲ ಮುಚ್ಚಳವಿಲ್ಲದೆ, ಬರೀ ಅರಿವೆ ಹೊದಿಸಿ ಓಡಿಸಿದೆವು. ಮಧ್ಯಾಹ್ನದವರೆಗೂ ನಿಲ್ಲಲಿಲ್ಲ.

ಇದು ಮೆಕ್ಯಾನಿಕನಿಗೆ ಮಾತ್ರ ತಿಳಿಯುವ ವಿಷಯವಲ್ಲ. ಎಣ್ಣೆಯ ಡಬ್ಬಿಗೆ ಒಂದೇ ತೂತು ಹೊಡೆದರೆ ಎಣ್ಣೆ ಸುರಿಯುವುದಿಲ್ಲ, ಗಾಳಿಗೆ ಇನ್ನೊಂದು ತೂತು ಬೇಕು ಎಂದು ಅಮ್ಮನಿಗೂ ಗೊತ್ತು. ಎಂಜಿನ್ ಡೀಸೆಲ್ ಕುಡಿದಷ್ಟು ಟ್ಯಾಂಕಿನಲ್ಲಿ ಜಾಗ ತೆರವಾಗುತ್ತದೆ, ಆ ಜಾಗಕ್ಕೆ ಗಾಳಿ ಬರಲೆಂದು ಮುಚ್ಚಳದಲ್ಲಿ ಸೂಜಿಮೊನೆಯಷ್ಟು ತೂತು ಇಟ್ಟಿರುತ್ತಾರೆ. ಅದು ಮುಚ್ಚಿಹೋದರೆ ಟ್ಯಾಂಕು ಡೀಸೆಲನ್ನು ಬಿಟ್ಟುಕೊಡುವುದಿಲ್ಲ. ಟ್ಯಾಂಕು ತುಂಬಿದ್ದಷ್ಟೂ, ಭಾರ ಇದ್ದಷ್ಟೂ ಜಲ್ದಿ ನಿಲ್ಲುತ್ತದೆ. ನೀನು ಅವತ್ತು ಮಧ್ಯಾಹ್ನ ತುಂಬಿಸಿದ್ದೆ. ಏರು ಇತ್ತು, ಚೀಲಗಳಿದ್ದವು. ನಾನು ವರ್ಕ್‌ಶಾಪಿನಲ್ಲಿ ನೋಡುವಾಗ ಟ್ಯಾಂಕಿನಲ್ಲಿ ಕಾಲುಭಾಗ ಡೀಸೆಲ್, ಭಾರವಿಲ್ಲ, ಗಳಿಗೆಗೊಮ್ಮೆ ಮುಚ್ಚಳ ತೆಗೆದು ಇಣುಕುತ್ತಿದ್ದೆ. ಇನ್ಸ್‌ಪೆಕ್ಟರೂ ಮೊದಲು ಅದನ್ನೇ ತೆಗೆದರು. ರೋಗ ಹುಡುಕಲು ಬಂದವರೆಲ್ಲ ನಮಗೇ ಗೊತ್ತಿಲ್ಲದೆ ಅದನ್ನು ವಾಸಿ ಮಾಡಿ, ರೋಗವೇ ಇಲ್ಲ ಎಂದು ಹೇಳಿ ಹೋದೆವು.

ಮುಚ್ಚಳ ಬೋರಲು ಹಾಕಿ ನೋಡಿದೆ. ಟ್ಯೂಬಿನ ರಬ್ಬರು ಕಪ್ಪಗೆ ಅಂಟಿಕೊಂಡು, ತೂತನ್ನು ಪೂರ್ತಿ ಮುಚ್ಚಿ ಕೂತಿತ್ತು. ನನ್ನ ತಗಡು ಕತ್ತರಿಯ ಬಾಯಿ ಒಂದು ಕಡೆ ಮುಕ್ಕಾಗಿದೆಯಲ್ಲ, ಅದರ ಗುರುತು ರಬ್ಬರಿನ ಅಂಚಿನಲ್ಲಿ ನಾಲ್ಕು ಕಡೆ ಇತ್ತು. ಬೇರೆ ಯಾರೋ ಮಾಡಿದ್ದು ಎಂದುಕೊಳ್ಳಲು ದೇವರು ನನಗೆ ಅಷ್ಟೂ ಜಾಗ ಬಿಡಲಿಲ್ಲ. ನೇಗಿಲಸಾಲಿನಲ್ಲಿಯೇ ಕೂತುಬಿಟ್ಟೆ. ದೇವೇಂದ್ರಪ್ಪನಿಗೆ ಖುಷಿಯೋ ಖುಷಿ. 'ಇಷ್ಟ ಏನ್ರಿ ಸಾಬರ! ಒಂದ್ ಸೂಜಿ ಕಾಸಿ ಚುಚ್ಚಿದ್ರ ಮುಗೀತಲ್ರಿ!' ಎಂದು ನಕ್ಕ. ಹೌದು, ಅಷ್ಟೇ ಇತ್ತು. ಅವನಿಗೆ ಆ ಟ್ರ್ಯಾಕ್ಟರಿನ ಕಥೆ ಗೊತ್ತಿರಲಿಲ್ಲ. ಹೇಳಿದೆ. ನಗುವುದನ್ನು ನಿಲ್ಲಿಸಿ, ತಲೆಯ ಮೇಲಿನ ರುಮಾಲು ತೆಗೆದು ಕೈಯಲ್ಲಿ ಹಿಡಿದುಕೊಂಡು ನಿಂತ. ಆ ಮುಚ್ಚಳವನ್ನು ನನಗೇ ಕೊಟ್ಟ.

ಮನೆಗೆ ಬಂದು ಮೊದಲು ಅಮ್ಮನಿಗೆ ಹೇಳಿದೆ. ಅಕ್ಕಿಯಲ್ಲಿ ಹಳ್ಳು ಆರಿಸುತ್ತ ಕೂತಿದ್ದಳು. ಎಲ್ಲವನ್ನೂ ಕೇಳಿದಳು, ಕೈ ನಿಲ್ಲಿಸಲಿಲ್ಲ. 'ನನಗ ಯಾಕ ಹೇಳತಿ? ನನಗ ಮೊದಲ ಗೊತ್ತಿತ್ತು. ಗೊತ್ತಿಲ್ಲದವರಿಗೆ ಹೋಗಿ ಹೇಳು' ಎಂದಳು. ಬೈದಿದ್ದರೆ ಅವಳ ಕಾಲು ಹಿಡಿದು ಅಲ್ಲಿಯೇ ಕೂತಿರುತ್ತಿದ್ದೆ. ಹಾಗೆ ಅಂದಿದ್ದರಿಂದ ಏಳಬೇಕಾಯಿತು.

ಮರುದಿನ ಸೊರಟೂರಿಗೆ ಹೋದೆ. ಮಾಸ್ತರರು ಮುಚ್ಚಳವನ್ನು ಕನ್ನಡಕದ ಹತ್ತಿರ ಹಿಡಿದು ಬಹಳ ಹೊತ್ತು ನೋಡಿದರು. 'ನೀರು ಹೋಗ್ತದ ಅಂತ ಹೇಳಿದಾವ ನಾನ ಅಲ್ಲೇನಪಾ' ಎಂದರು. ನಿಮ್ಮದೇನಿದೆ ಮಾಸ್ತರ, ಕತ್ತರಿಸಿದ ಕೈ ನನ್ನದು ಎಂದೆ. 'ಇಳಿಜಾರಿನ್ಯಾಗ ಬಂದ್ ಮಾಡ್ತಾನ ಅಂತ ಕೋರ್ಟಿನ್ಯಾಗ ನಾನೂ ಹೇಳಿದೆ. ನನ್ನ ಕಡೆ ಕಲ್ತ ಹುಡುಗ' ಎಂದವರು ಒಳಗೆ ಹೋದರು, ಮತ್ತೆ ಹೊರಗೆ ಬರಲಿಲ್ಲ. ಅವರ ಹೆಂಡತಿ ಭಾಗೀರಥಿಬಾಯಿಯವರು ಬಂದು, ನೀವಿನ್ನು ಹೋಗಿ ಬರ್ರಿ ಎಂದರು.

ಅಲ್ಲಿಂದ ಮಂಜವ್ವನ ಗಂಡ ಫಕೀರಪ್ಪನ ಮನೆಗೆ. ಕಟ್ಟೆಯ ಮೇಲೆ ಕೂತು ಹಗ್ಗ ಹೊಸೆಯುತ್ತಿದ್ದ. ನಾನು ನಿಂತುಕೊಂಡೇ ಹೇಳಿದೆ. ಅವನಿಗೆ ಎಂಜಿನ್ನಿನ ಮಾತು ತಿಳಿಯಲಿಲ್ಲ, ಎರಡನೆಯ ಸಲ ಹೇಳಿದೆ. 'ಹಂಗಾದ್ರ ಆ ಹುಡುಗ ಅಂದಿದ್ದು ಖರೇನ ಏನು?' ಎಂದ. ಖರೆ ಎಂದೆ. 'ನಾನು ಕೋರ್ಟಿನ ಬಾಗಲದಾಗ ಅವನ ಮಾರಿ ಮ್ಯಾಲ ಉಗುಳಿದೆ. ಅವಾ ವರಸಿಕೊಳ್ಳಲಿಲ್ಲ' ಎಂದ. ಆ ಸಂಗತಿ ನನಗೆ ಗೊತ್ತಿರಲಿಲ್ಲ ಉಸ್ಮಾನ. ನೀನು ಯಾರಿಗೂ ಹೇಳಿರಲಿಲ್ಲ. ಫಕೀರಪ್ಪ ಮತ್ತೆ ಹಗ್ಗ ಕೈಗೆ ತೆಗೆದುಕೊಂಡ. 'ಈಗ ನಿನ್ನ ಮ್ಯಾಲ ಉಗುಳಬೇಕು. ಬಾಯಿ ಒಣಗೇತಿ. ಹೋಗು' ಎಂದ. ಕಾಲು ಮುಟ್ಟಲು ಬಗ್ಗಿದೆ, ಹಿಂದಕ್ಕೆ ಎಳೆದುಕೊಂಡ. ಬಂದುಬಿಟ್ಟೆ.

ಗದಗಿನ ವಕೀಲರು ಎಲ್ಲವನ್ನೂ ಬರೆದುಕೊಂಡು ಕೊನೆಗೆ ಪೆನ್ನು ಕೆಳಗಿಟ್ಟರು. 'ಸಾಬರ, ಅಪೀಲಿನ ಮುದ್ದತು ಮುಗದು ಹೋಗೇತಿ. ಈಗ ಅರ್ಜಿ ಹಾಕಿದ್ರ ವಿಚಾರಣೆಗೆ ಬರೂದ್ರಾಗ ನಿಮ್ಮ ತಮ್ಮ ಶಿಕ್ಷಾ ಮುಗಿಸಿ ಮನಿಗೆ ಬಂದಿರತಾನ. ಇದರಿಂದ ಅವನಿಗೆ ಒಂದ್ ದಿನಾನೂ ಕಡಿಮಿ ಆಗಂಗಿಲ್ಲ. ನಿಮಗ ತ್ರಾಸ ಆದ್ರೂ ಆಗಬಹುದು. ವಿಚಾರ ಮಾಡ್ರಿ' ಎಂದರು. ವಿಚಾರ ಮಾಡಲು ನನ್ನಲ್ಲಿ ಏನೂ ಉಳಿದಿರಲಿಲ್ಲ. ಅವರು ಬರೆದ ಕಾಗದಕ್ಕೆ ಸಹಿ ಮಾಡಿದೆ, ಮುಚ್ಚಳವನ್ನು ಅವರ ಟೇಬಲ್ಲಿನ ಮೇಲೆ ಇಟ್ಟು ಬಂದೆ. ನಿನ್ನನ್ನು ಬಿಡಿಸಲಾಗುವುದಿಲ್ಲ ಎಂಬ ಮಾತನ್ನು ಮುಚ್ಚಿಡಬಾರದೆಂದು ಬರೆದಿದ್ದೇನೆ. ಇಷ್ಟೆಲ್ಲ ಗೊತ್ತಾಗಿಯೂ ನೀನು ಮುಂದಿನ ದೀಪಾವಳಿಯವರೆಗೆ ಅಲ್ಲಿಯೇ ಇರಬೇಕು.

ಕ್ಷಮೆ ಕೇಳಲು ಈ ಪತ್ರ ಬರೆಯುತ್ತಿಲ್ಲ. ರಬ್ಬರು ಕತ್ತರಿಸಿದ್ದು ಗೊತ್ತಿಲ್ಲದೆ ಆದ ತಪ್ಪು, ಅದನ್ನು ದೇವರು ನೋಡಿಕೊಳ್ಳಲಿ. ನೀನು ಸಂಗಡ ಕರೆದಾಗ ಬರಲಿಲ್ಲವಲ್ಲ, ಅದು ಗೊತ್ತಿದ್ದೇ ಮಾಡಿದ್ದು. ನಿನ್ನನ್ನು ಎತ್ತಿ ಆಡಿಸಿದವನು ನಾನು, ಸೈಕಲ್ ಕಲಿಸಿದವನು ನಾನು. ಕೈಯಲ್ಲಿ ಬೆಳೆದವನ ಮಾತಿಗಿಂತ ಕಬ್ಬಿಣದ ಮಾತು ನನಗೆ ದೊಡ್ಡದಾಯಿತು.

ಇನ್ನು ಗುಲಾಬಬಿ. ಹೋದ ಆಗಸ್ಟದಲ್ಲಿ ಅವಳು ನಿನ್ನನ್ನು ನೋಡಲು ಬಂದು ಹೋದ ಮೇಲೆ ನೀನು ಯಾರು ಬಂದರೂ ಭೇಟಿಯ ಕಿಂಡಿಗೆ ಬರುವುದನ್ನೇ ಬಿಟ್ಟೆ. ಅವತ್ತು ನಿಮ್ಮಿಬ್ಬರ ನಡುವೆ ಏನು ಮಾತಾಯಿತೆಂದು ಅವಳೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಅಮ್ಮ ಹೇಳಿದಂತೆ ಗೊತ್ತಿಲ್ಲದವರಿಗೆಲ್ಲ ಹೇಳಿ ಬಂದೆ, ಒಂದೇ ಗೋಡೆಯ ಆಚೆ ಇರುವ ಅವಳಿಗೆ ಹೇಳಲು ನಾಲ್ಕು ದಿನದಿಂದ ಬಾಯಿ ಬರುತ್ತಿಲ್ಲ. ಈ ಪತ್ರ ನಿನಗೆ ಮುಟ್ಟುವುದರೊಳಗೆ ಹೇಳುತ್ತೇನೆ.

ಅಮ್ಮನ ದುವಾ ನಿನಗೆ ಸದಾ ಇದೆ. ಭಾಬಿಯ ಸಲಾಮು. ಮಕ್ಕಳು ನಿನ್ನ ಹೆಸರು ತೆಗೆಯದ ದಿನವಿಲ್ಲ. ಮೈ ಕಾಪಾಡಿಕೋ, ಎರಡು ಹೊತ್ತು ಉಣ್ಣು. ದೇವರು ನಿನ್ನನ್ನು ಸುಖವಾಗಿಟ್ಟಿರಲಿ.

ನಿನ್ನ ಅಣ್ಣ,
ಖಾಸಿಂಸಾಬ

ತಾ.ಕ. ಸೋಮವಾರ ಬೆಳಿಗ್ಗೆ. ಟಪಾಲು ತೆಗೆಯುವ ಹೊತ್ತಾಗಿದೆ, ಗಡಿಬಿಡಿಯಲ್ಲಿ ಬರೆಯುತ್ತಿದ್ದೇನೆ. ಈ ಕಾಗದ ವರ್ಕ್‌ಶಾಪಿನ ಮೇಜಿನ ಮೇಲಿತ್ತು. ಬುತ್ತಿ ತಂದ ಗುಲಾಬಬಿ ಅದನ್ನು ಕಂಡು, ನಿಂತಲ್ಲೇ ಅಕ್ಷರ ಕೂಡಿಸಿ ಕೂಡಿಸಿ ಕೊನೆಯವರೆಗೂ ಓದಿದಳು. ಕಸಿದುಕೊಳ್ಳಲು ನನಗೆ ಕೈ ಬರಲಿಲ್ಲ. '“ನಿಮ್ಮ ಅಣ್ಣ ಆಣಿ ಮಾಡಿ ಹೇಳ್ಯಾರ, ಸುಳ್ಳಬುರಕ ನೀವ” ಅಂತ ನಾನು ಅವರಿಗೆ ಕಿಂಡಿ ಮುಂದ ಅಂದೇನಿ. ಶಮಶಾದಳ ಮುಂದ ಅಂದೇನಿ. ಅದನ್ನೂ ಬರೀರಿ, ನನ್ನ ಹೆಸರಿಲೆ ಬರೀರಿ' ಎಂದಳು. ಬರೆದಿದ್ದೇನೆ. ಗುರುವಾರದ ಮೊದಲ ಬಸ್ಸಿಗೆ ಅಮ್ಮನನ್ನೂ ಮಕ್ಕಳನ್ನೂ ಕರೆದುಕೊಂಡು ಹೊರಟಿದ್ದಾಳೆ. ನಾನೂ ಬರಲೇ ಎಂದು ಕೇಳಿದೆ. 'ನೀವು ಬರಬ್ಯಾಡ್ರಿ. ನಿಮ್ಮನ್ನ ಕಂಡ್ರ ಅವರು ಹೊರಗ ಬರಂಗಿಲ್ಲ' ಎಂದಳು. ಅವಳು ಹೇಳಿದ್ದು ಸರಿ. ಹನ್ನೊಂದು ಗಂಟೆಗೆ ಅವರು ಗೇಟಿನ ಹತ್ತಿರ ಇರುತ್ತಾರೆ, ನಾನು ಇಲ್ಲಿಯೇ ಇರುತ್ತೇನೆ. ಕಿಂಡಿಗೆ ಬಾ, ಉಸ್ಮಾನ.